ವಿಕಲಚೇತನರ ಮನೆಯ ಹಕ್ಕು: ಗ್ರಾಮಸಭೆಗೆ ಹೋಗುವ ಮುನ್ನ

ವಸತಿ ಫಲಾನುಭವಿಗಳ ಪಟ್ಟಿ ಓದುವ ದಿನ ಯಾವ ಊರಿನ ಗ್ರಾಮಸಭೆಯಲ್ಲೂ ಗದ್ದಲ ತಪ್ಪಿದ್ದಲ್ಲ. ಆ ಗದ್ದಲದಲ್ಲಿ ದನಿಯೇ ಕೇಳಿಸದವರು, ಸಭೆಯ ತನಕ ಬರಲಿಕ್ಕೇ ಆಗದವರು. ಅಫಜಲಪುರ ತಾಲ್ಲೂಕಿನ ಗೊಬ್ಬೂರ ಇರಲಿ, ಆಳಂದ, ಜೇವರ್ಗಿ ಕಡೆಯ ಇನ್ಯಾವ ಹಳ್ಳಿಯೇ ಇರಲಿ, ವಿಕಲಚೇತನರೊಬ್ಬರು ಮನೆ ಕೇಳಿದರೆ "ನಿಮಗ ಪಿಂಚಣಿ ಬರ್ತದಲ್ಲ, ಮತ್ತ ಮನಿ ಯಾಕ?" ಎನ್ನುವವರು ಸಿಗುತ್ತಾರೆ. ಪಿಂಚಣಿ ಪಡೆದವರಿಗೆ ಮನೆ ಇಲ್ಲ ಎಂದು ಯಾವ ಕಾನೂನೂ ಹೇಳಿಲ್ಲ. ಕಾನೂನು ಹೇಳಿರುವುದು ಬೇರೆ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 37ನೇ ಕಲಂ ಪ್ರಕಾರ, ಸರ್ಕಾರ ಕೃಷಿ ಜಮೀನು ಮತ್ತು ಮನೆ ಹಂಚುವ ಯೋಜನೆಗಳಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಶೇ 5ರಷ್ಟು ಮೀಸಲಿಡಬೇಕು. ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಬೇಕು. ರಿಯಾಯಿತಿ ದರದಲ್ಲಿ ನಿವೇಶನ ಹಂಚುವಾಗಲೂ ಇದೇ ಶೇ 5. ಹಳೆಯ 1995ರ ಕಾಯ್ದೆಯ ನೆನಪಿನಲ್ಲಿ "ಮೂರು ಪರ್ಸೆಂಟ್ ಮಾತ್ರ" ಎನ್ನುವವರು ಇನ್ನೂ ಇದ್ದಾರೆ. ಆ ಕಾಯ್ದೆ ಈಗ ರದ್ದಾಗಿದೆ.

ಪಂಚಾಯಿತಿಗೆ ಬಂದಿದ್ದೇ ಹತ್ತು ಹನ್ನೆರಡು ಮನೆಯಾದರೆ ಶೇ 5 ಎಂದರೆ ಒಂದು ಮನೆಯೂ ಆಗುವುದಿಲ್ಲ. ಇದೇ ನೆಪದಲ್ಲಿ ವರ್ಷಗಟ್ಟಲೆ ಅರ್ಜಿ ತಳ್ಳಿಹಾಕಲು ಬಿಡಬೇಡಿ. ತಾಲ್ಲೂಕಿನ ಒಟ್ಟು ಗುರಿಗೆ ಮೀಸಲಾತಿ ಲೆಕ್ಕ ಹಾಕಿ ನಮ್ಮ ಹೆಸರು ಪರಿಗಣಿಸಿ ಎಂದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರವಣಿಗೆಯಲ್ಲಿ ಕೇಳಿ.

ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ (ಗ್ರಾಮೀಣ), ಈ ಮೂರರ ಹೆಸರುಗಳೂ ಗ್ರಾಮಸಭೆಯ ಮುಂದೆ ಬರುತ್ತವೆ. ದೇವರಾಜ ಅರಸು ವಸತಿ ಯೋಜನೆಯ ದಾರಿ ಬೇರೆ. ಅದು ವಿಕಲಚೇತನರೂ ಸೇರಿದಂತೆ ವಿಶೇಷ ವರ್ಗದವರಿಗೆಂದೇ ಇರುವುದು, ಆಯ್ಕೆ ನಡೆಯುವುದು ಜಿಲ್ಲಾ ಮಟ್ಟದ ಸಮಿತಿಯಲ್ಲಿ. ಗ್ರಾಮಸಭೆಯಲ್ಲಿ ಹೆಸರು ಬರಲಿಲ್ಲವೆಂದು ಕೈಚೆಲ್ಲುವ ಮೊದಲು ಆ ಬಾಗಿಲನ್ನೂ ತಟ್ಟಿ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಜಾಗದ ಹಕ್ಕುಪತ್ರ ಅಥವಾ ಇ-ಸ್ವತ್ತು ಉತಾರ ಜೋಡಿಸಿಟ್ಟುಕೊಳ್ಳಿ. ಓಡಾಟಕ್ಕೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಅವರ ಕೆಲಸವೇ ಅದು.

ಮನೆ ಯಾರ ಹೆಸರಿಗೆ? ಇಲ್ಲಿ ಮನೆಯವರೇ ಎಡವುವುದುಂಟು. "ಆಕಿ ಒಬ್ಬಾಕಿ ಇರ್ತಾಳೇನು? ತಮ್ಮನ ಹೆಸರಿಗೆ ಮಾಡ್ರಿ" ಎಂಬ ಮಾತು ಅಕ್ಕರೆಯಿಂದಲೇ ಬರಬಹುದು. ಆದರೆ ತಮ್ಮನ ಸಂಸಾರ ಬೆಳೆದ ಮೇಲೆ ಅದೇ ಮನೆಯ ಮೂಲೆಯಲ್ಲಿ ಹಂಗಿನಲ್ಲಿ ಬದುಕಬೇಕಾದವಳು ಆಕೆ. ಪ್ರಧಾನಮಂತ್ರಿ ಆವಾಸ್ ಮಾರ್ಗಸೂಚಿಯ ಪ್ರಕಾರ ವಿಕಲಚೇತನರ ಕೋಟಾದ ಮನೆ ಅವರ ಹೆಸರಿಗೇ ಆಗಬೇಕು. ಆಸ್ತಿ ಹೊಂದುವ ಸಮಾನ ಹಕ್ಕನ್ನು 2016ರ ಕಾಯ್ದೆಯ 13ನೇ ಕಲಂ ಕೊಟ್ಟಿದೆ. ಊರಿನ ನಡುವೆ ಎಲ್ಲರಂತೆ ಬಾಳುವ ಹಕ್ಕನ್ನು 5ನೇ ಕಲಂ ಕೊಟ್ಟಿದೆ. ಇಂಥ ಕಡೆಯೇ ಇರಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮಂಜೂರಾತಿ ಸಿಕ್ಕ ಕೂಡಲೇ ಕೆಲಸ ಮುಗಿಯಲಿಲ್ಲ. ನನ್ನ ಮಟ್ಟಿಗೆ ಹೆಚ್ಚಿನ ನಷ್ಟ ಆಗುವುದು ಪಾಯ ತೆಗೆಯುವ ದಿನ. ಹಂತ ಹಂತವಾಗಿ ಫೋಟೊ ತೆಗೆದು ಬಿಲ್ಲು ಮಾಡುವುದರಿಂದ, ಪಾಯದ ಜಿಪಿಎಸ್ ಫೋಟೊ ಆದ ಮೇಲೆ ಎತ್ತರ ಬದಲಿಸುವುದು ಕಷ್ಟ. ನಮ್ಮ ಕಡೆ ಮಳೆನೀರಿಗೆ, ಮುಂದೆ ಏರುವ ಸಿಸಿ ರಸ್ತೆಗೆ ಹೆದರಿ ಪಾಯ ಎತ್ತರಿಸುತ್ತಾರೆ. ಅದು ಸರಿಯೇ. ಆದರೆ ಬಾಗಿಲಿಗೆ ಮೂರು ಮೆಟ್ಟಿಲಿಟ್ಟರೆ ಗಾಲಿಕುರ್ಚಿಯವರು ತಮ್ಮ ಮನೆಗೆ ತಾವೇ ಹೋಗಲಾರರು. ಇಳಿಜಾರು ದಾರಿಗೆ ಒಪ್ಪಿತ ಅಳತೆ ಒಂದಕ್ಕೆ ಹನ್ನೆರಡು. ಪಾಯ ಎರಡಡಿ ಎತ್ತರವಾದರೆ ಇಳಿಜಾರು 24 ಅಡಿ ಉದ್ದ ಬೇಕು. ಮೂವತ್ತು-ನಲವತ್ತರ ಜಾಗದಲ್ಲೂ ಅದು ಮುಂದೆ ಹಿಡಿಸುವುದಿಲ್ಲ, ಪಕ್ಕದ ಗೋಡೆಗುಂಟ ತಂದು ತಿರುಗಿಸಬೇಕು, ತಿರುವಿನಲ್ಲಿ ಐದಡಿ ಸಮತಟ್ಟು ಬಿಡಬೇಕು. ಇಷ್ಟು ಜಾಗವನ್ನು ಗೌಂಡಿ ದಾರ ಹಿಡಿಯುವ ಮೊದಲೇ ತೆಗೆದಿಡಿ. ಬಾಗಿಲು ಮೂರಡಿ ಅಗಲ ಇರಲಿ, ಹೊಸ್ತಿಲು ನೆಲಕ್ಕೆ ಸಮನಾಗಿರಲಿ. ಶಹಾಬಾದ್ ಫರಸಿ ನೀರು ಬಿದ್ದರೆ ಜಾರುತ್ತದೆ, ಬಚ್ಚಲಿಗೆ ನಯ ಮಾಡದ ಕಲ್ಲೇ ಹಾಕಿಸಿ. ಪಾಯಖಾನೆಯ ಬಾಗಿಲು ಹೊರಗೆ ತೆರೆಯಲಿ, ಒಳಗೆ ಗೋಡೆಗೆ ಹಿಡಿಕೆ ಇರಲಿ, ಗಾಲಿಕುರ್ಚಿ ತಿರುಗಲು ಐದಡಿ ಜಾಗ ಬೇಕು. ಆವಾಸ್ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಬಯಲು ಸೀಮೆಗೆ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. ಇಷ್ಟರಲ್ಲಿ ಇಳಿಜಾರಿಗೆ ದುಡ್ಡು ಉಳಿಯುವುದಿಲ್ಲ ನಿಜ. ಗ್ರಾಮ ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಶೇ 5 ತೆಗೆದಿಡಬೇಕು. ಇಳಿಜಾರು, ಹಿಡಿಕೆಗೆ ಆ ಹಣದಿಂದ ನೆರವು ಕೊಡಿ ಎಂದು ಅರ್ಜಿ ಹಾಕಿ.

ಭೀಮಾ ದಂಡೆಯವರಿಗೆ ಒಂದು ಮಾತು. 2020ರ ಅಕ್ಟೋಬರ್ ಪ್ರವಾಹವನ್ನು ಅಫಜಲಪುರ, ಜೇವರ್ಗಿಯ ಜನ ಮರೆತಿಲ್ಲ. ವಿಪತ್ತಿನಲ್ಲಿ ವಿಕಲಚೇತನರ ರಕ್ಷಣೆಗೆ ಅವರ ವಿವರದ ದಾಖಲೆಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಡಬೇಕೆಂದು 2016ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ನಿಮ್ಮ ಮನೆಯವರ ಹೆಸರು ಅದರಲ್ಲಿದೆಯೇ, ಮಳೆಗಾಲಕ್ಕೆ ಮುಂಚೆ ವಿಚಾರಿಸಿ.

ಗ್ರಾಮಸಭೆ ಮೇಲಿನ ಮಹಡಿಯಲ್ಲಿ ಇದ್ದರೆ ಕೆಳಗೆ ನಡೆಸಿ ಎಂದು ಕೇಳಬಹುದು. ಕೇಳಿಸದವರಿಗೆ, ಕಾಣದವರಿಗೆ ಅನುಕೂಲ ಮಾಡಿಕೊಡಿ ಎಂದೂ ಕೇಳಬಹುದು. ಅದು ಅದೇ ಕಾಯ್ದೆಯ 3ನೇ ಕಲಂನಲ್ಲಿರುವ ಸರ್ಕಾರದ ಹೊಣೆ. ಸಾರ್ವಜನಿಕ ಸ್ಥಳಗಳ ಸುಗಮ್ಯತೆಗೆ ಕೇವಲ ಸಲಹೆಗಳು ಸಾಲವು, ಕಡ್ಡಾಯ ನಿಯಮಗಳೇ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ಕೇಳಿದರೂ ಕೊಡದಿದ್ದರೆ? ಸರ್ಕಾರಿ ಕಚೇರಿಗಳಲ್ಲಿ ವಿಕಲಚೇತನರ ದೂರಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ಉದ್ಯೋಗದ ವಿಷಯದ ದೂರು ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಮನೆಯ ವಿಷಯಕ್ಕೆ ನೇರ ದಾರಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು, ದಾಖಲೆಗಳನ್ನು ತರಿಸುವಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದ ಮೂರು ತಿಂಗಳೊಳಗೆ ಸಂಬಂಧಪಟ್ಟ ಇಲಾಖೆ ಉತ್ತರ ಕೊಡಬೇಕು. ವಿಕಲಚೇತನರಿಗಾಗಿ ಇರುವ ಜಿಲ್ಲಾ ಮಟ್ಟದ ಸಮಿತಿಗೂ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ಪ್ರತಿ ಕಳಿಸಿ.

ಯಾವ ಅರ್ಜಿಯನ್ನೂ ಬಾಯಿಮಾತಿನಲ್ಲಿ ಬಿಡಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಪಂಚಾಯಿತಿಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸಭೆಯಲ್ಲಿ ನಿಮ್ಮ ಬೇಡಿಕೆ ನಡಾವಳಿಗೆ ಬರೆಸಿ. ವಕೀಲರ ಖರ್ಚಿಗೆ ಹೆದರಬೇಡಿ: ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಕಾನೂನು ಸೇವೆಗಳ ಸಹಾಯವಾಣಿ 15100.