ಅನ್ನ ಬಿಟ್ಟ ನಾಯಿಗೆ ಮತ್ತೆ ಉಣಿಸುವ ಬಗೆ

ಮನೆಯ ನಾಯಿ ಕಾಯಿಲೆ ಬಿದ್ದು ಅನ್ನ ಬಿಟ್ಟರೆ ಹೊಸದಾಗಿ ನಾಯಿ ಸಾಕಿದವರಿಗೆ ಕೈಕಾಲೇ ಆಡುವುದಿಲ್ಲ. ತಟ್ಟೆ ಹಿಡಿದು ಅದರ ಹಿಂದೆ ಹಿಂದೆ ಸುತ್ತುತ್ತಾರೆ. ಗಂಟೆಗೊಂದು ತಿಂಡಿ ಬದಲಿಸುತ್ತಾರೆ. ಕೊನೆಗೆ ಬಾಯಿ ಬಿಡಿಸಿ ತುರುಕುತ್ತಾರೆ. ಇದೆಲ್ಲ ಪ್ರೀತಿಯಿಂದಲೇ ಆಗುತ್ತದೆ, ಆದರೆ ಇದರಿಂದಲೇ ನಾಯಿ ಊಟ ಕಂಡರೆ ದೂರ ಸರಿಯುವುದನ್ನು ಕಲಿಯುತ್ತದೆ. ಕಾಯಿಲೆಯ ನಾಯಿಗೆ ಉಣಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಅದರಲ್ಲಿ ಅಡುಗೆಯ ಪಾಲು ಕಡಿಮೆ, ಗಮನಿಸುವುದರ ಪಾಲು ಹೆಚ್ಚು.

ಮೊದಲು ನಾಯಿ ಯಾಕೆ ಉಣ್ಣುತ್ತಿಲ್ಲ ಎಂದು ನೋಡಬೇಕು. ನಮ್ಮ ಊರುಗಳಲ್ಲಿ ಇದಕ್ಕೆ ಬಹಳ ಸಲ ಕಾರಣವಾಗುವುದು ಉಣ್ಣೆ ಜ್ವರ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡ ಕಂದು ಉಣ್ಣೆಯಿಂದ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತ ಸೇರುತ್ತದೆ. ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಈ ಜ್ವರದಲ್ಲಿ 104 ದಾಟುವುದುಂಟು. ಪ್ಲೇಟ್‌ಲೆಟ್ ಇಳಿಯುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ನಾಯಿ ಮೂಲೆ ಹಿಡಿದು ಮಲಗುತ್ತದೆ. ಇದಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ತೊಡಕು ಇರುವುದು ಇಲ್ಲೇ: ಈ ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದರೆ ಹೊಟ್ಟೆ ತೊಳಸುತ್ತದೆ, ಹೊಟ್ಟೆ ತೊಳಸಿದರೆ ನಾಯಿ ಉಣ್ಣುವುದಿಲ್ಲ, ಉಣ್ಣದಿದ್ದರೆ ಮಾತ್ರೆ ಮತ್ತೆ ಖಾಲಿ ಹೊಟ್ಟೆಗೇ ಹೋಗುತ್ತದೆ.

ಹೊಟ್ಟೆ ತೊಳಸುತ್ತಿದೆ ಎಂಬುದನ್ನು ನಾಯಿ ತೋರಿಸುವ ರೀತಿ ತಿಳಿದುಕೊಳ್ಳಿ. ತಟ್ಟೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಕೊಳ್ಳಿ. ನಾಯಿ ಎದ್ದು ಬರುತ್ತದೆ, ಮೂಸುತ್ತದೆ. ಆಮೇಲೆ ನಾಲಿಗೆ ಹೊರಗೆ ಹಾಕಿ ತುಟಿ ನೆಕ್ಕಿಕೊಳ್ಳುತ್ತದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಗುಟುಕರಿಸುತ್ತದೆ, ಜೊಲ್ಲು ಇಳಿಯುತ್ತದೆ. ಮತ್ತೆ ಮುಖ ತಿರುಗಿಸಿ ನಡೆದುಬಿಡುತ್ತದೆ. ಇದನ್ನು ಕಂಡು ಅನೇಕರು ‘ಆಸೆಯಿದೆ, ಆದರೆ ಸೊಕ್ಕು’ ಎನ್ನುತ್ತಾರೆ. ಸೊಕ್ಕು ಖಂಡಿತ ಇಲ್ಲ. ಜ್ವರ ಬಂದವರಿಗೆ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವ ಹಾಗೆ ಅದಕ್ಕೂ ಆಗುತ್ತಿದೆ. ಆಗ ತಟ್ಟೆಯನ್ನು ತಕ್ಷಣ ಎತ್ತಿಬಿಡಿ. ಹೊಟ್ಟೆ ತೊಳಸುವಾಗ ಮುಂದಿದ್ದ ಆಹಾರವನ್ನೇ ನಾಯಿ ತನ್ನ ಸಂಕಟಕ್ಕೆ ಕಾರಣ ಎಂದು ನೆನಪಿಟ್ಟುಕೊಳ್ಳುತ್ತದೆ, ಗುಣವಾದ ಮೇಲೂ ಅದನ್ನು ಮುಟ್ಟದೆ ಇರಬಹುದು. ಪಶುವೈದ್ಯರಿಗೆ ನೀವು ಕಂಡದ್ದನ್ನು ಹಾಗೆಯೇ ಹೇಳಿ. ವಾಂತಿ, ವಾಕರಿಕೆ ತಡೆಯಲು ಮರೋಪಿಟಂಟ್‌ನಂಥ ಔಷಧಗಳಿವೆ. ಎಷ್ಟೋ ನಾಯಿಗಳಿಗೆ ಬೇಕಾದದ್ದು ಹೊಸ ತಿಂಡಿಯಲ್ಲ, ಅಂಥ ಒಂದು ಔಷಧ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಮಾತ್ರ ನೀವಾಗಿ ಕೊಡಬೇಡಿ. ಅವು ನಾಯಿಗೆ ವಿಷವಾಗಬಲ್ಲವು.

ಇಲ್ಲೊಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ದವಡೆ ಜೋತುಬಿದ್ದು, ನುಂಗಲಾಗದೆ ಜೊಲ್ಲು ಸುರಿಸುತ್ತಾ, ಬೊಗಳುವ ದನಿ ಬದಲಾದ ನಾಯಿಯ ಬಾಯಿಗೆ ಕೈ ಹಾಕಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಬೆರಳು ಹಾಕಿ ನೋಡುವವರಿದ್ದಾರೆ. ಅದು ರೇಬಿಸ್ ಇರಬಹುದು. ರೇಬಿಸ್ ಬಂದ ನಾಯಿಗಳೆಲ್ಲ ಕಚ್ಚಲು ಓಡಿ ಬರುವುದಿಲ್ಲ, ಕೆಲವು ಸುಮ್ಮನೆ ಮಂಕಾಗಿ ಕೂರುತ್ತವೆ. ಜೊಲ್ಲು ಗಾಯಕ್ಕೆ ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಈಗ ಊಟದ ವಿಷಯ. ಮನುಷ್ಯನ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಯದರಲ್ಲಿ ಸುಮಾರು 1,700 ಮಾತ್ರ. ಅದರ ಊಟ ಶುರುವಾಗುವುದು ಮೂಗಿನಿಂದ. ಹಾಗಾಗಿ ಮೂಗು ಸುರಿದು ಕಟ್ಟಿಕೊಂಡಿದ್ದರೆ ಮೊದಲು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಆಹಾರವನ್ನು ಉಗುರುಬೆಚ್ಚಗೆ ಮಾಡಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಕೋಳಿಗೆ ವಾಸನೆಯೇ ಇರುವುದಿಲ್ಲ, ಬೆಚ್ಚಗಾದರೆ ಅದರ ಘಮ ಕೋಣೆಯ ಆ ತುದಿಗೂ ಮುಟ್ಟುತ್ತದೆ. ಮಣಿಕಟ್ಟಿನ ಒಳಮೈಗೆ ಒಂದು ಹನಿ ಬಿಟ್ಟು ನೋಡಿ. ಬಿಸಿಯೂ ತಣ್ಣಗೂ ಅನ್ನಿಸದಿದ್ದರೆ ಸರಿ.

ನಾನು ಶುರುಮಾಡಲು ಹೇಳುವುದು ಮೂಳೆ ತೆಗೆದ ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿದ ತಿಳಿಸಾರಿನಿಂದ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಣ್ಣೆ ಜ್ವರದಿಂದ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಮನೆಯ ಕೋಳಿ ಸಾರಿನಲ್ಲಿ ಕಲಸಿದ ಅನ್ನ ಕೊಡುವುದು ಅದಕ್ಕೇ ಅಪಾಯ. ಸಾರು ನೆಕ್ಕಿತೆಂದರೆ ಅದರಲ್ಲೇ ಮೆತ್ತಗೆ ಬೆಂದ ಅನ್ನ, ಎಳೆಎಳೆಯಾಗಿ ಬಿಡಿಸಿದ ಮಾಂಸ ಸೇರಿಸಬಹುದು. ಮಾಂಸ ಒಳಗೆ ತರದ ಮನೆಗಳಲ್ಲಿ ತೆಳು ಮೊಸರನ್ನ, ಉಪ್ಪಿಲ್ಲದ ರಾಗಿ ಗಂಜಿ ಆಗುತ್ತದೆ. ಮೊಟ್ಟೆ ನಡೆಯುವುದಾದರೆ ಬೇಯಿಸಿ ಪುಡಿ ಮಾಡಿ ಹಾಕಿ. ಹಾಲು ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಭೇದಿ ತರುತ್ತದೆ. ತುಪ್ಪ ಸುರಿದರೆ ತಿಂದೀತು ಎಂಬ ಆಸೆಯನ್ನೂ ಬಿಡಿ. ಮೇದೋಜೀರಕ ಗ್ರಂಥಿ ಊದಿಕೊಂಡಿರುವ ನಾಯಿಗೆ ಜಿಡ್ಡು ಕೂಡದು.

ಕೊಡುವ ಕ್ರಮವೂ ಮುಖ್ಯ. ದೊಡ್ಡ ಬಟ್ಟಲು ಬೇಡ, ಒಂದು ಚಿಕ್ಕ ತಟ್ಟೆ ಸಾಕು. ಒಂದು ಚಮಚದಷ್ಟು ಹಾಕಿ ಮಲಗಿದಲ್ಲಿಯೇ, ಮೂಗಿಗೆ ಒಂದು ಗೇಣು ದೂರದಲ್ಲಿಡಿ. ಮಕ್ಕಳು, ಟಿವಿ, ಬೇರೆ ನಾಯಿ ಹತ್ತಿರ ಇರಬಾರದು. ‘ತಿನ್ನೋ ರಾಜ, ತಿನ್ನೋ’ ಎಂದು ತಲೆಯ ಮೇಲೆ ಬಾಗಬೇಡಿ, ಪಕ್ಕಕ್ಕೆ ತಿರುಗಿ ಸುಮ್ಮನೆ ಕೂತಿರಿ. ಸ್ವಲ್ಪ ಸಾರನ್ನು ಬೆರಳಿಗೆ ಹಚ್ಚಿ ನೆಕ್ಕಲು ಕೊಡಬಹುದು, ಇಲ್ಲವೇ ಅದರ ಮುಂಗಾಲಿಗೆ ಹಚ್ಚಬಹುದು. ತನ್ನ ಕಾಲು ನೆಕ್ಕಿಕೊಂಡು ರುಚಿ ಹತ್ತಿ ತಟ್ಟೆಯ ಕಡೆ ಕತ್ತು ಚಾಚುವ ನಾಯಿಗಳಿವೆ. 15 ನಿಮಿಷ ನೋಡಿ, ಮುಟ್ಟದಿದ್ದರೆ ತೆಗೆದಿಡಿ. ಮೂರು ನಾಲ್ಕು ಗಂಟೆ ಬಿಟ್ಟು ಹೊಸದಾಗಿ ಬೆಚ್ಚಗೆ ಮಾಡಿ ತನ್ನಿ. ದಿನವಿಡೀ ಮೂಗಿನ ಮುಂದೆ ಊಟ ಕೊಳೆಯುತ್ತಿದ್ದರೆ ಅದರ ವಾಸನೆಗೇ ಬೇಸರ ಬರುತ್ತದೆ. ಹಾಗೆಯೇ ಕಹಿ ಮಾತ್ರೆಯನ್ನು ಈ ಊಟದಲ್ಲಿ ಬಚ್ಚಿಡಬೇಡಿ. ಒಮ್ಮೆ ಕಹಿ ಸಿಕ್ಕರೆ ನಾಳೆ ಆ ಊಟವೂ ಹೋಯಿತು. ಮೊದಲು ಊಟ, ಆಮೇಲೆ ಬೇರೆ ಯಾವುದಾದರೂ ಚೂರಿನಲ್ಲಿ ಮಾತ್ರೆ.

ಸಿರಿಂಜ್‌ನಿಂದ ಗಂಟಲಿಗೆ ಸುರಿಯುವುದನ್ನು ವೈದ್ಯರು ತೋರಿಸಿಕೊಡದೆ ಮಾಡಬಾರದು. ಶಕ್ತಿಯಿಲ್ಲದ ನಾಯಿಯಲ್ಲಿ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ಎಷ್ಟು ತಿಂದರೆ ಸಾಕು? ಮಲಗಿಕೊಂಡೇ ಇರುವ ನಾಯಿಯ ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು 30ರಿಂದ ಗುಣಿಸಿ 70 ಕೂಡಿಸಿ, ದಿನಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. 15 ಕೆಜಿಯ ನಾಟಿ ನಾಯಿಗೆ 520. ಸುಮಾರು 200 ಗ್ರಾಂ ಬೆಂದ ಕೋಳಿ ಎದೆಮಾಂಸ, 150 ಗ್ರಾಂ ಅನ್ನ ಸೇರಿದರೆ ಅಷ್ಟಾಗುತ್ತದೆ. ಹಲವು ದಿನ ಉಪವಾಸವಿದ್ದ ನಾಯಿಗೆ ಇದನ್ನು ಒಂದೇ ದಿನ ಕೊಡಬೇಡಿ. ಮೊದಲ ದಿನ ಮೂರರಲ್ಲೊಂದು ಪಾಲು, ಮರುದಿನ ಎರಡು ಪಾಲು, ಮೂರನೆಯ ದಿನ ಪೂರ್ತಿ. ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ‘ಸ್ವಲ್ಪ ಸ್ವಲ್ಪ ತಿಂತಾ ಇದೆ ಡಾಕ್ಟ್ರೇ’ ಎನ್ನುವ ಮಾತು ಎರಡು ಚಮಚವೂ ಆಗಿರಬಹುದು, ಅರ್ಧ ಬಟ್ಟಲೂ ಆಗಿರಬಹುದು. ವೈದ್ಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ದೊಡ್ಡ ನಾಯಿ ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮರಿಗಾದರೆ ಅಷ್ಟು ಹೊತ್ತು ಕಾಯುವಂತಿಲ್ಲ, ಅದರ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ. ವಾಂತಿ, ರಕ್ತಭೇದಿ ಜೊತೆಗಿದ್ದರೆ ಪಾರ್ವೊ ಎಂಬ ವೈರಸ್ ರೋಗ ಇರಬಹುದು, ರಾತ್ರಿಯಾದರೂ ಹೊರಡಿ. ನೀರನ್ನೂ ಬಿಟ್ಟಿದ್ದರೆ, ಒಸಡು ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ ದೊಡ್ಡ ನಾಯಿಯನ್ನೂ ಕೂಡಲೇ ತೋರಿಸಬೇಕು. ದಿನಗಟ್ಟಲೆ ಊಟ ಸೇರದ ನಾಯಿಗೆ ವೈದ್ಯರು ಮೂಗಿನ ಮೂಲಕ ತೆಳು ಕೊಳವೆ ಇಳಿಸಿ ಆಹಾರ ಕೊಡುತ್ತಾರೆ. ಕೊಳವೆ ಎಂದ ಕೂಡಲೇ ಕೈ ಮೀರಿತು ಎಂದು ಮನೆಯವರು ಅಳುವುದುಂಟು. ಬಾಯಿಗೆ ತುರುಕುವ ಗೋಳಾಟ ನಿಂತು, ಹೊಟ್ಟೆಗೆ ಏನಾದರೂ ಬಿದ್ದು, ಆಮೇಲೆ ತಾನಾಗಿಯೇ ತಟ್ಟೆಗೆ ಬಂದ ನಾಯಿಗಳು ಬೇಕಾದಷ್ಟಿವೆ.

ತಾನಾಗಿ ಉಣ್ಣತೊಡಗಿದ ಮೇಲೆ ನಾಲ್ಕೈದು ದಿನಗಳಲ್ಲಿ ಹಳೆಯ ಊಟವನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ. ಉಣ್ಣೆ ಜ್ವರದಲ್ಲಿ ಬಹಳ ಮಂದಿ ಇದೇ ಹೊತ್ತಿಗೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಾಯಿ ಬಾಲ ಆಡಿಸುತ್ತಾ ಬಟ್ಟಲು ನೆಕ್ಕುತ್ತಿದ್ದರೂ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಏರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.