ಹೊಸದಾಗಿ ವ್ಯಾಯಾಮ ಆರಂಭಿಸುವ ಮುನ್ನ

ದೇಹಕ್ಕೆ ಅನ್ನ, ನೀರು, ನಿದ್ರೆಗಳಷ್ಟೇ ಚಲನೆಯೂ ಅವಶ್ಯಕ. ಹಿಂದೆ ನೇಗಿಲು, ಒನಕೆ, ಬೀಸುಕಲ್ಲು, ಬಾವಿಯ ಹಗ್ಗಗಳೇ ಹಳ್ಳಿಯ ಜನರ ಅಂಗಸಾಧನೆಯ ಉಪಕರಣಗಳಾಗಿದ್ದವು. ಇಂದು ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ನಲ್ಲಿ, ಮೋಟಾರು ಬೈಕುಗಳು ಆ ಶ್ರಮದ ಬಹುಭಾಗವನ್ನು ಇಳಿಸಿವೆ. ಇದರೊಡನೆ ಬೊಜ್ಜು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಹಳ್ಳಿಗಳಿಗೂ ಬಂದಿವೆ. ಇವುಗಳ ತಡೆಗೆ ವ್ಯಾಯಾಮವು ಉತ್ತಮ ಸಾಧನ. ಆದರೆ ಅದನ್ನು ಆರಂಭಿಸುವ ಕ್ರಮವನ್ನು ಪತಿ-ಪತ್ನಿಯರಿಬ್ಬರೂ ಅರಿತಿರಬೇಕು. ಬೇಸಿಗೆಯೆಲ್ಲ ಕೊಟ್ಟಿಗೆಯಲ್ಲಿದ್ದ ಎತ್ತಿನ ಹೆಗಲು, ಗೊರಸುಗಳನ್ನು ನೋಡದೆ ಯಾವ ರೈತನೂ ಅದಕ್ಕೆ ನೊಗ ಹೂಡುವುದಿಲ್ಲ. ನಮ್ಮ ದೇಹದ ವಿಷಯದಲ್ಲಿಯೂ ಅಷ್ಟು ಎಚ್ಚರಿಕೆ ಬೇಡವೇ?

ತಪಾಸಣೆ ಏಕೆ?

ಶ್ರಮ ಹೆಚ್ಚಿದಂತೆ ಹೃದಯವು ವೇಗವಾಗಿ ಬಡಿಯುತ್ತದೆ. ಆಗ ಹೃದಯದ ಸ್ನಾಯುವಿಗೂ ಹೆಚ್ಚು ರಕ್ತ ಬೇಕಾಗುತ್ತದೆ. ಆ ರಕ್ತವನ್ನು ಒದಗಿಸುವ ನಾಳಗಳು ಕೊಬ್ಬು ಕಟ್ಟಿಕೊಂಡು ಕಿರಿದಾಗಿದ್ದರೆ, ವಿಶ್ರಾಂತಿಯಲ್ಲಿ ಕಾಣದ ತೊಂದರೆಯು ಶ್ರಮದ ವೇಳೆ ಪ್ರಕಟವಾಗಬಹುದು. ರಕ್ತದೊತ್ತಡ ಹೆಚ್ಚಾಗಿದ್ದರೂ ಬಹುಮಂದಿಗೆ ಯಾವ ಲಕ್ಷಣವೂ ತೋರುವುದಿಲ್ಲ.

ನಿತ್ಯ ವ್ಯಾಯಾಮದ ಅಭ್ಯಾಸವಿದ್ದ ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅಂದಿನಿಂದ ವ್ಯಾಯಾಮವೇ ಅಪಾಯವೆಂಬ ಭಯ ಅನೇಕರಲ್ಲಿ ಮೂಡಿತು. ಈ ಭಯ ಸರಿಯಲ್ಲ. ಕ್ರಮಬದ್ಧ ವ್ಯಾಯಾಮವು ಹೃದ್ರೋಗದ ಸಂಭವವನ್ನು ಕಡಿಮೆ ಮಾಡುತ್ತದೆ. ಆದರೆ ಮೈಕಟ್ಟು ದೃಢವಾಗಿ ಕಂಡ ಮಾತ್ರಕ್ಕೆ ತಪಾಸಣೆ ಬೇಡವೆನ್ನಲಾಗದು.

ಯಾರಿಗೆ ಅವಶ್ಯಕ?

ಯಾವ ಕಾಯಿಲೆಯೂ ಲಕ್ಷಣವೂ ಇಲ್ಲದವರು ಸಾಧಾರಣ ನಡಿಗೆಯನ್ನು ಆರಂಭಿಸಲು ವೈದ್ಯರ ಅನುಮತಿಗಾಗಿ ಕಾಯಬೇಕಾಗಿಲ್ಲ. ಕೆಳಕಂಡವರು ಮಾತ್ರ ಮೊದಲು ವೈದ್ಯರನ್ನು ಕಾಣತಕ್ಕದ್ದು:

1. ಶ್ರಮಪಟ್ಟಾಗ ಎದೆನೋವು, ಉಬ್ಬಸ, ತಲೆಸುತ್ತು ಅಥವಾ ಮೂರ್ಛೆ ಬರುವವರು.
2. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ರೋಗವಿರುವವರು.
3. ಬೀಡಿ, ಸಿಗರೇಟು ಸೇದುವವರು ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿರುವವರು.
4. ನಲವತ್ತು ದಾಟಿ, ಅಭ್ಯಾಸವಿಲ್ಲದೆ ಓಟ ಅಥವಾ ಭಾರ ಎತ್ತುವ ವ್ಯಾಯಾಮಕ್ಕೆ ತೊಡಗುವವರು.
5. ಗರ್ಭಿಣಿಯರು, ಬಾಣಂತಿಯರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು.

ಏನನ್ನು ಪರೀಕ್ಷಿಸುವರು?

ನಾಡಿ, ರಕ್ತದೊತ್ತಡ, ತೂಕ, ರಕ್ತದ ಸಕ್ಕರೆ ಹಾಗೂ ಹಿಮೋಗ್ಲೋಬಿನ್ ಪ್ರಮಾಣವನ್ನು ನೋಡುವರು; ಅಗತ್ಯವಿದ್ದರೆ ಇಸಿಜಿ ಮಾಡಿಸುವರು. ರಕ್ತದೊತ್ತಡವು ಪದೇ ಪದೇ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. 180/110ನ್ನು ಮುಟ್ಟಿದ್ದರೆ, ಅದು ಹತೋಟಿಗೆ ಬರುವವರೆಗೆ ಕಠಿಣ ವ್ಯಾಯಾಮ ಸಲ್ಲದು. ಮೂವತ್ತು ತುಂಬಿದ ಸ್ತ್ರೀ-ಪುರುಷರಿಗೆ ರಕ್ತದೊತ್ತಡ ಹಾಗೂ ಸಕ್ಕರೆಯ ಪರೀಕ್ಷೆಯನ್ನು ಆಯುಷ್ಮಾನ್ ಆರೋಗ್ಯ ಮಂದಿರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ.

ಸ್ತ್ರೀಯರ ವಿಷಯದಲ್ಲಿ

ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಗೃಹಿಣಿಯನ್ನು ಸೋಮಾರಿಯೆಂದು ಹಳಿಯುವುದುಂಟು. ಅವಳಲ್ಲಿ ರಕ್ತಹೀನತೆ ಇರಬಹುದು. ಗರ್ಭಿಣಿಯಲ್ಲದ ಸ್ತ್ರೀಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಚಿಕಿತ್ಸೆಯಾಗಬೇಕು. ಗರ್ಭಿಣಿಗೆ ನಡಿಗೆ ಹಿತಕರ. ಆದರೆ ರಕ್ತಸ್ರಾವ, ನೀರು ಹೋಗುವುದು, ಏರಿದ ರಕ್ತದೊತ್ತಡ ಇದ್ದಲ್ಲಿ ವೈದ್ಯರ ಮಾತೇ ಅಂತಿಮ. ಸಿಸೇರಿಯನ್ ಆದವರು ಹೊಟ್ಟೆಯ ಸ್ನಾಯುಗಳ ವ್ಯಾಯಾಮವನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸ್ತ್ರೀಯು 48 ಗಂಟೆಗಳ ನಂತರ ಹಗುರ ಕೆಲಸಗಳನ್ನು ಆರಂಭಿಸಿ, ಎರಡು ವಾರಗಳಲ್ಲಿ ಕ್ರಮೇಣ ಪೂರ್ಣ ಕೆಲಸಕ್ಕೆ ಮರಳಬಹುದು. ಪುರುಷನು 48 ಗಂಟೆಗಳ ನಂತರ ಸಾಮಾನ್ಯ ಕೆಲಸ ಮಾಡಬಹುದು. ಸೈಕಲ್ ಸವಾರಿಯನ್ನು ಒಂದು ವಾರದ ನಂತರ ಮಾಡಬಹುದು. ಜ್ವರ, ಕೀವು, ಬಾವು ಕಂಡಲ್ಲಿ ಕೂಡಲೇ ಆಸ್ಪತ್ರೆಗೆ ಬರಬೇಕು.

ಆರಂಭಿಸುವ ಕ್ರಮ

ಮೊದಲ ವಾರ ದಿನಕ್ಕೆ ಹತ್ತು ನಿಮಿಷದ ನಡಿಗೆ ಸಾಕು. ಕ್ರಮೇಣ ಹೆಚ್ಚಿಸಿ, ವಾರಕ್ಕೆ ಒಟ್ಟು 150 ನಿಮಿಷಗಳ ಬಿರುಸು ನಡಿಗೆಗೆ ತಲುಪಿರಿ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು. ಮಾತು ತಡವರಿಸಿದರೆ ವೇಗ ತಗ್ಗಿಸಿರಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿರಿ. ಕಾಲಿನ ಹುಣ್ಣುಗಳನ್ನು ನಿತ್ಯ ನೋಡಿಕೊಳ್ಳಿರಿ.

ಯಾವ ತಪಾಸಣೆಯೂ ಅಪಾಯವನ್ನು ಪೂರ್ಣವಾಗಿ ನೀಗದು. ಎದೆ ಹಿಂಡಿದಂತಾಗುವುದು, ನೋವು ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ತೀವ್ರ ಉಸಿರಾಟದ ತೊಂದರೆ ಕಂಡಲ್ಲಿ ವ್ಯಾಯಾಮ ನಿಲ್ಲಿಸಿ ಕುಳಿತುಕೊಳ್ಳಿರಿ. ಗ್ಯಾಸ್ ಎಂದು ಸೋಡಾ ಕುಡಿದು ಕಾಲ ಕಳೆಯದೆ 108ಕ್ಕೆ ಕರೆ ಮಾಡಿರಿ.

ದಂಪತಿಗಳಿಬ್ಬರೂ ಒಂದೇ ದಿನ ಕೂಡಿ ಬಂದು ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ಮನೆಯ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ಪತ್ನಿಯೂ, ನನಗೇನಾಗಿದೆ ಎಂದು ಪತಿಯೂ ಮುಂದೂಡಬಾರದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಪಾಸಣೆಯ ದಿನವನ್ನು ತಿಳಿಸುವರು. ಮಕ್ಕಳ ನಾಳೆಗಳು ತಂದೆ-ತಾಯಿಗಳ ಆರೋಗ್ಯವನ್ನೇ ನೆಚ್ಚಿಕೊಂಡಿವೆ.