ಸಿನಿಮಾ ಪೋಸ್ಟರನ್ನು ಓದುವುದು ಹೇಗೆ?



ನಮ್ಮ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ತರಗತಿಗಳ ಮಕ್ಕಳು ಸೇರಿ ವಾರ್ಷಿಕೋತ್ಸವದಲ್ಲಿ 'ಒನಕೆ ಓಬವ್ವ' ಕಿರುನಾಟಕ ಆಡಿದ್ದು ನಿಮಗೆ ನೆನಪಿರಬಹುದು. ನಾಟಕ ಎಂದ ಮೇಲೆ ಪೋಸ್ಟರ್ ಬೇಕಲ್ಲ. ಮಕ್ಕಳಿಗೆ ಬಣ್ಣ ತುಂಬಲು ಸುಲಭವಾಗಲೆಂದು ಒಂದು ಶನಿವಾರ ರಾತ್ರಿ ನಾನೇ ಕೂತು ಪೆನ್ಸಿಲಿನಲ್ಲಿ ಒಂದು ಕರಡು ಬಿಡಿಸಿದೆ. ಮೇಲೆ ದೊಡ್ಡದಾಗಿ, ಕತ್ತಿ ಎತ್ತಿ ಹಿಡಿದ ಕಾವಲುಗಾರ ಮುದ್ದಹನುಮ. ಅವನ ಹಿಂದೆ ಕೋಟೆ. ಕೆಳಗೆ ಒಂದು ಮೂಲೆಯಲ್ಲಿ ಓರೆಯಾಗಿ ನಿಂತ ಓಬವ್ವ. ಅವಳಿಗೆ ಅಗಲವಾದ ಕಣ್ಣು, ತಿದ್ದಿದ ತುಟಿ. ಒನಕೆಯೇನೋ ಇತ್ತು, ಕೋಲಾಟದ ಕೋಲಿನಂತೆ ಭುಜಕ್ಕೆ ಒರಗಿಕೊಂಡಿತ್ತು.

ಮರುದಿನ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಅದನ್ನು ನೋಡಿ ಕೇಳಿದಳು: "ಟೀಚರ್, ಅವಳ ಗಂಡ ಆಗ ಊಟ ಮಾಡ್ತಾ ಇದ್ದ ಅಲ್ವಾ? ಮತ್ತೆ ಕತ್ತಿ ಯಾಕೆ?"

ನನ್ನ ಬಳಿ ಉತ್ತರವಿರಲಿಲ್ಲ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ ಕಾವಲುಗಾರ ಊಟಕ್ಕೆ ಹೋಗಿದ್ದ. ನೀರು ತರಲು ಬಂದ ಅವನ ಹೆಂಡತಿ ಅದನ್ನು ಕಂಡು ಒನಕೆಯಿಂದ ಅವರನ್ನು ಹೊಡೆದು ಕೆಡವಿದಳು. ನಾವೆಲ್ಲ ಕೇಳಿ ಬೆಳೆದ ಕಥೆ ಇದು. ನಾನಂತೂ ಚಿತ್ರದುರ್ಗದವಳೇ. ಓಬವ್ವನ ಕಿಂಡಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೂ ಪೆನ್ಸಿಲ್ ಹಿಡಿದಾಗ ಆ ಕಥೆಯನ್ನು ಮರೆತು, ಚಿಕ್ಕಂದಿನಿಂದ ಗೋಡೆಗಳ ಮೇಲೆ ನೋಡಿದ್ದ ಸಿನಿಮಾ ಪೋಸ್ಟರನ್ನು ನನ್ನ ಕೈ ನಕಲು ಮಾಡಿತ್ತು. ಆ ದಿನದ ಪಾಠವನ್ನು ಬದಿಗಿಟ್ಟು ನಾವು ಪೋಸ್ಟರಿನ ಬಗ್ಗೆಯೇ ಮಾತನಾಡಿದೆವು. ಅದರ ಸಾರ ಈ ಲೇಖನ.

ನಮ್ಮೂರಿನಲ್ಲಿ ಚಿತ್ರ ಬದಲಾಗುವ ಹೊತ್ತಿಗೆ ಸೈಕಲ್ಲಿನಲ್ಲಿ ಅಂಟಿನ ಬಕೆಟ್ ನೇತುಹಾಕಿಕೊಂಡು ಒಬ್ಬ ಬರುತ್ತಿದ್ದ. ಹಳೆಯದರ ಮೇಲೆಯೇ ಹೊಸ ಹಾಳೆಗಳನ್ನು ಜೋಡಿಸಿ ಅಂಟಿಸುತ್ತಿದ್ದ. ಮಳೆ ಬಂದು ಅರ್ಧ ಹರಿದರೆ ಈ ವಾರದ ನಾಯಕನ ತೋಳಿನ ಪಕ್ಕ ಹೋದ ವಾರದ ನಾಯಕಿಯ ಮುಖ ಇಣುಕುತ್ತಿತ್ತು! ಕೆಲವು ಪೋಸ್ಟರುಗಳ ಮುಂದೆ ಹಾದುಹೋಗುವಾಗ ಹುಡುಗರು ನಿಂತು ನೋಡುತ್ತಿದ್ದರು, ನಾವು ಹುಡುಗಿಯರು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದೆವು. ಆ ಚಿತ್ರ ಮಾಡಿಸಿದವರು ನಾವಲ್ಲ, ಅಂಟಿಸಿದವರೂ ನಾವಲ್ಲ. ನಾಚಿಕೆ ಮಾತ್ರ ನಮ್ಮ ಪಾಲಿಗೆ ಬಂದಿತ್ತು. ಏಕೆ ಎಂದು ಆಗ ಕೇಳಿಕೊಳ್ಳಲು ತಿಳಿಯಲಿಲ್ಲ.

ಪೋಸ್ಟರಿಗೆ ಸಿಗುವ ಸಮಯ ಬಹಳ ಕಡಿಮೆ. ಬಸ್ಸಿನ ಕಿಟಕಿಯಲ್ಲಿ ಕೂತವರು, ಇಲ್ಲಿಯಾದರೆ ಫ್ರೀವೇ ಇಳಿದು ಸಿಗ್ನಲ್ಲಿನಲ್ಲಿ ನಿಂತವರು ಅದನ್ನು ಕೆಲವೇ ಕ್ಷಣ ನೋಡುತ್ತಾರೆ. ಅಷ್ಟರಲ್ಲೇ ಇದು ಎಂಥ ಚಿತ್ರ, ಯಾರಿದ್ದಾರೆ, ಬಂದರೆ ನಿಮಗೇನು ಸಿಗುತ್ತದೆ ಎಂದು ಹೇಳಿ ಮುಗಿಸಬೇಕು. ಹಾಗಾಗಿ ಎಲ್ಲರಿಗೂ ಮೊದಲೇ ಗೊತ್ತಿರುವ ಗುರುತುಗಳನ್ನೇ ಅದು ಬಳಸುತ್ತದೆ. ಬಿರುಕು ಬಿಟ್ಟ ಕೆಂಪು ಅಕ್ಷರವೆಂದರೆ ಹೊಡೆದಾಟ. ದುಂಡನೆಯ ಅಕ್ಷರ, ತಿಳಿ ಬಣ್ಣವೆಂದರೆ ನಗು ಅಥವಾ ಪ್ರೇಮ. 2006ರ 'ಮುಂಗಾರು ಮಳೆ' ಎಂದರೆ ಮಳೆಯಲ್ಲಿ ನೆನೆದ ಜೋಡಿ, 2018ರ 'ಕೆ.ಜಿ.ಎಫ್.' ಎಂದರೆ ಗಡ್ಡ ಬಿಟ್ಟ ಯಶ್. ಇದರಲ್ಲಿ ತಪ್ಪೇನೂ ಇಲ್ಲ, ಅಂಗಡಿಯ ಬೋರ್ಡಿನ ಹಾಗೆ. ಆದರೆ ಗಂಡು ಹೀಗೆ, ಹೆಣ್ಣು ಹೀಗೆ ಎಂಬುದೂ ಈ ಸಿದ್ಧ ಗುರುತುಗಳ ಜೊತೆಗೇ ಬಂದುಬಿಡುತ್ತದೆ.

ನಾನು ಭಾಷಾ ಶಿಕ್ಷಕಿ. ನನಗೆ ಸುಲಭವಾಗಿ ಹೊಳೆಯುವುದು ವ್ಯಾಕರಣ. ಪೋಸ್ಟರನ್ನು ಒಂದು ವಾಕ್ಯ ಎಂದುಕೊಳ್ಳಿ. ಅದರಲ್ಲಿ ಕರ್ತೃ ಯಾರು? ಕ್ರಿಯಾಪದ ಯಾರಿಗೆ ಸಿಕ್ಕಿದೆ? ಸಾಮಾನ್ಯವಾಗಿ ನಾಯಕ ಓಡುತ್ತಾನೆ, ಹೊಡೆಯುತ್ತಾನೆ, ಬೈಕ್ ಹಾರಿಸುತ್ತಾನೆ. ನಾಯಕಿ ನಿಂತಿರುತ್ತಾಳೆ, ಅವನ ಭುಜಕ್ಕೆ ಒರಗಿರುತ್ತಾಳೆ, ನಮ್ಮ ಕಡೆ ನೋಡಿ ನಗುತ್ತಾಳೆ. ನಾಯಕನಿಗೆ ಕ್ರಿಯಾಪದ, ನಾಯಕಿಗೆ ಬರಿ ವಿಶೇಷಣ.

ಹೆಸರಿನ ಹಿಂದೆ ಮುದ್ರಿಸುವ ಬಿರುದುಗಳನ್ನೂ ಮಕ್ಕಳಿಂದ ಬೋರ್ಡಿನ ಮೇಲೆ ಬರೆಸಿದೆ. ನಟಸಾರ್ವಭೌಮ ರಾಜಕುಮಾರ್, ಸಾಹಸಸಿಂಹ ವಿಷ್ಣುವರ್ಧನ್, ರೆಬೆಲ್ ಸ್ಟಾರ್ ಅಂಬರೀಶ್, ಪವರ್ ಸ್ಟಾರ್ ಪುನೀತ್. ಆಚೆ ಬದಿಗೆ ಮಿನುಗುತಾರೆ ಕಲ್ಪನಾ, ಕನಸಿನ ರಾಣಿ ಮಾಲಾಶ್ರೀ, ಮೋಹಕ ತಾರೆ ರಮ್ಯಾ. ಈ ಬದಿಯಲ್ಲಿ ಸಾಮ್ರಾಜ್ಯ, ಸಿಂಹ, ಬಂಡಾಯ, ಬಲ. ಆ ಬದಿಯಲ್ಲಿ ಮಿನುಗುವುದು, ಕನಸಿನಲ್ಲಿ ಬರುವುದು, ಮೋಹಗೊಳಿಸುವುದು. ಯಾರ ಕನಸಿನ ರಾಣಿ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ! ಅದೇ ಮಾಲಾಶ್ರೀ ಪರದೆಯ ಮೇಲೆ ಖಳರನ್ನು ಚಚ್ಚಿ ಕೆಡವುತ್ತಿದ್ದವರು. 2004ರ 'ದುರ್ಗಿ' ಪೂರ್ತಿ ಅವರ ಹೆಗಲ ಮೇಲೆ ನಿಂತ ಚಿತ್ರ. ಬಿರುದು ಮಾತ್ರ ಕನಸಿನಲ್ಲೇ ಉಳಿಯಿತು. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜಯಂತಿಯವರನ್ನು 'ಅಭಿನಯ ಶಾರದೆ' ಎಂದು ಕರೆದವರು ಅವರ ಕಸುಬಿಗೇ ಗೌರವ ಕೊಟ್ಟರು. ಅವರೇ 1972ರ 'ನಾಗರಹಾವು' ಚಿತ್ರದ ಒಂದು ಹಾಡಿನಲ್ಲಿ ಓಬವ್ವನಾಗಿ ಬಂದರು. ಓಬವ್ವ ಎಂದರೆ ಕನ್ನಡಿಗರ ಕಣ್ಣೆದುರು ಇಂದಿಗೂ ಬರುವುದು ಆ ಮುಖ.

"ಹೆಣ್ಣಿನ ಕಥೆಗೆ ಜನ ಬರುವುದಿಲ್ಲ, ಅದಕ್ಕೇ ಪೋಸ್ಟರಿನಲ್ಲಿ ನಾಯಕನನ್ನು ಹಾಕುತ್ತೇವೆ" ಎಂಬ ವಾದವನ್ನು ನೀವು ಕೇಳಿರಬಹುದು. ಕನ್ನಡದ ಮೊದಲ ಮಾತಿನ ಚಿತ್ರದ ಹೆಸರೇ 'ಸತಿ ಸುಲೋಚನಾ'. 1934ರಲ್ಲಿ ಬಂದದ್ದು. ಹೆಸರಿಗೆ ಮುಂಚೆ 'ಸತಿ' ಅಂಟಿಕೊಂಡಿದೆ ಎನ್ನಿ, ಇರಲಿ. ಮುಂದೆ ತ್ರಿವೇಣಿಯವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ' (1967), 'ಶರಪಂಜರ' (1971) ಮಾಡಿದರು. 'ಶರಪಂಜರ' ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಮೇಲೂ ಜನರ ಅನುಮಾನದ ನೋಟದಿಂದ ಬಿಡುಗಡೆ ಸಿಗದ ಕಾವೇರಿಯ ಕಥೆ. ಕುಣಿತದ ಆಸೆ ತೋರಿಸಿ ಮಾರಬಹುದಾದ ಕಥೆ ಅದಲ್ಲ. ಕಲ್ಪನಾ ಅವರ ಮುಖವನ್ನು ನಂಬಿ ಜನ ಬಂದರು, ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ನಮ್ಮ ಅಜ್ಜಿಯ ಕಾಲದವರು ಈಗಲೂ ಆ ಚಿತ್ರದ ಮಾತು ಬಂದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ನಾವಿರುವ ಊರಿನ ಉದಾಹರಣೆಯೂ ಬೇಕಲ್ಲ. ಡಿಸ್ನಿಯವರು ರಪುಂಜೆಲ್ ಕಥೆಯನ್ನು ಚಿತ್ರ ಮಾಡುವಾಗ ಮೊದಲು ಇಟ್ಟಿದ್ದ ಹೆಸರು 'ರಪುಂಜೆಲ್'. ಅದಕ್ಕೂ ಮುಂಚೆ 2009ರಲ್ಲಿ ಬಂದ 'ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್' ನಿರೀಕ್ಷಿಸಿದಷ್ಟು ಗಳಿಸಲಿಲ್ಲ. ರಾಜಕುಮಾರಿಯ ಹೆಸರು ಕೇಳಿದರೆ ಗಂಡು ಹುಡುಗರು ಬರುವುದಿಲ್ಲ ಎಂದು ಲೆಕ್ಕ ಹಾಕಿ, 2010ರಲ್ಲಿ ಬಿಡುಗಡೆಯಾಗುವಾಗ ಅದನ್ನು 'ಟ್ಯಾಂಗಲ್ಡ್' ಮಾಡಿದರು. ಪ್ರಚಾರದಲ್ಲಿ ಕಳ್ಳ ಫ್ಲಿನ್ ರೈಡರ್‌ಗೆ ಅವಳಷ್ಟೇ ಜಾಗ ಸಿಕ್ಕಿತು. ಮೂರೇ ವರ್ಷದಲ್ಲಿ, 2013ರಲ್ಲಿ, ಅಕ್ಕತಂಗಿಯರ ಕಥೆ 'ಫ್ರೋಜನ್' ಜಗತ್ತಿನಾದ್ಯಂತ 120 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಮ್ಮ ತರಗತಿಯ ಹುಡುಗರೂ ಅದನ್ನು ನೋಡಿದ್ದಾರೆ. ಕೆಲವರು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.

2016ರ ಬೇಸಿಗೆಯಲ್ಲಿ 'ಎಕ್ಸ್-ಮೆನ್: ಅಪಾಕಲಿಪ್ಸ್' ಚಿತ್ರದ ದೊಡ್ಡ ಫಲಕಗಳು ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ನಿಂತಿದ್ದವು. ಖಳನಾಯಕ ಮಿಸ್ಟೀಕ್ ಎಂಬ ನಾಯಕಿಯ ಕತ್ತು ಹಿಸುಕುತ್ತಿರುವ ಚಿತ್ರ ಅದು. ನಟಿ ರೋಸ್ ಮೆಕ್‌ಗೋವನ್ ಸೇರಿ ಹಲವರು ಆಕ್ಷೇಪಿಸಿದರು. ಚಿತ್ರದ ಸಂಸ್ಥೆ ಕ್ಷಮೆ ಕೇಳಿ ಫಲಕಗಳನ್ನು ತೆಗೆಸಲು ಮುಂದಾಯಿತು. ಚಿತ್ರದೊಳಗೆ ಮಿಸ್ಟೀಕ್ ತಂಡ ಕಟ್ಟಿ ಹೋರಾಡುವವಳು. ಫಲಕದ ವಾಕ್ಯದಲ್ಲಿ ಅವಳು ಕರ್ಮಪದವಾಗಿದ್ದಳು. ಕಥೆಯನ್ನು ನೋಡದೆ ಕಾರಿನಲ್ಲಿ ಹಾದುಹೋಗುವ ಮಗುವಿಗೆ ಸಿಗುವುದು ಆ ಫಲಕ ಮಾತ್ರ.

ಪೋಸ್ಟರಿನ ಆಚೆ, ಚಿತ್ರದೊಳಗೂ ಲೆಕ್ಕ ಹಾಕಬಹುದು. ನಟಿ ಜೀನಾ ಡೇವಿಸ್ ತಮ್ಮ ಪುಟ್ಟ ಮಗಳ ಜೊತೆ ಮಕ್ಕಳ ಕಾರ್ಯಕ್ರಮ ನೋಡುವಾಗ ಹೆಣ್ಣು ಪಾತ್ರಗಳು ಎಷ್ಟು ಕಡಿಮೆ ಎಂದು ಗಮನಿಸಿ, 2004ರಲ್ಲಿ ಇದನ್ನೇ ಎಣಿಸುವ ಸಂಸ್ಥೆ ಕಟ್ಟಿದರು. ಆ ಸಂಸ್ಥೆಗಾಗಿ ಇಲ್ಲಿನ ಯು.ಎಸ್.ಸಿ. ವಿಶ್ವವಿದ್ಯಾಲಯದವರು ಮಾಡಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಲವು ದೇಶಗಳ ಜನಪ್ರಿಯ ಚಿತ್ರಗಳನ್ನು ನೋಡಿದ್ದರು. ಮಾತಾಡುವ ಅಥವಾ ಹೆಸರಿರುವ ಪಾತ್ರಗಳಲ್ಲಿ ಹೆಣ್ಣು ನೂರಕ್ಕೆ ಸುಮಾರು 31. ಭಾರತದ ಚಿತ್ರಗಳಲ್ಲಿ ಸುಮಾರು 25. ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ವ್ಯಂಗ್ಯಚಿತ್ರದಲ್ಲಿ ಇನ್ನೂ ಸರಳವಾದ ಪರೀಕ್ಷೆ ಕೊಟ್ಟರು: ಚಿತ್ರದಲ್ಲಿ ಕನಿಷ್ಠ ಇಬ್ಬರು ಹೆಂಗಸರಿದ್ದು, ಪರಸ್ಪರ ಮಾತಾಡಿ, ಆ ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೆ ಯಾವುದರ ಬಗ್ಗೆಯಾದರೂ ಇದೆಯೇ? ಶುಕ್ರವಾರ ರಾತ್ರಿ ಮನೆಯಲ್ಲಿ ನೋಡುವ ಚಿತ್ರಕ್ಕೆ ಹಚ್ಚಿ ನೋಡಿ.

ಈ ಪಾಠ ಹುಡುಗಿಯರಿಗೆ ಮಾತ್ರ ಎಂದು ನಾನೂ ಮೊದಲು ಎಣಿಸಿದ್ದೆ. ಮುದ್ದಹನುಮನ ಪಾತ್ರದ ಹುಡುಗ ನನ್ನ ಎಣಿಕೆಯನ್ನು ಬದಲಿಸಿದ. ಪೋಸ್ಟರಿನಿಂದ ಕತ್ತಿ ಹೋಗುತ್ತದೆ ಎಂದು ಗೊತ್ತಾದಾಗ ಅವನ ಮುಖ ಬಾಡಿತು. "ಹಾಗಾದ್ರೆ ನಾನು ಬರೀ ಊಟ ಮಾಡೋದಾ? ಎಲ್ಲರೂ ನಗ್ತಾರೆ" ಎಂದ. ಗಂಡಸಾದವನು ಸದಾ ಕೋಪದಲ್ಲೇ ಇರಬೇಕು, ಏನನ್ನಾದರೂ ಎತ್ತಿ ಹಿಡಿದೇ ಇರಬೇಕು ಎಂದು ಅವನಿಗೂ ಯಾವುದೋ ಗೋಡೆ ಹೇಳಿಕೊಟ್ಟಿತ್ತು.

ಹೊಸ ಪೋಸ್ಟರನ್ನು ಮಕ್ಕಳೇ ಬಿಡಿಸಿದರು, ನಾನು ಪೆನ್ಸಿಲ್ ಮುಟ್ಟಲಿಲ್ಲ. ಓಬವ್ವ ನಮ್ಮ ಕಡೆ ನೋಡುತ್ತಿಲ್ಲ, ಅವಳ ಕಣ್ಣು ಕಿಂಡಿಯ ಮೇಲಿದೆ. ಒನಕೆ ಎರಡೂ ಕೈಯಲ್ಲಿ ಮೇಲೆದ್ದಿದೆ, ಸೆರಗು ಸೊಂಟಕ್ಕೆ ಸಿಕ್ಕಿದೆ, ನೀರಿನ ಕೊಡ ಪಕ್ಕದಲ್ಲಿ ಉರುಳಿದೆ. ಎಡಗಡೆ ಕೆಳಗೆ ಮುದ್ದಹನುಮ, ಅವನ ಮುಂದೆ ಊಟದ ಎಲೆ. ನಮ್ಮ ದುರ್ಗದ ಕಡೆಯ ಊಟವೆಂದರೆ ರಾಗಿಮುದ್ದೆ ಎಂದು ನಾನು ಹೇಳಿದ್ದೇ ತಡ, ಅದಕ್ಕೆ ಯಾವ ಬಣ್ಣ ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಕೊನೆಗೆ ಕಂದು ಬಣ್ಣದ ಕ್ರೆಯಾನ್ ಪೂರ್ತಿ ಸವೆದುಹೋಯಿತು. ನಾಟಕದ ದಿನ ಆ ಹುಡುಗ ವೇದಿಕೆಯ ಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಂದಿರಿಂದ ಶಿಳ್ಳೆಯೂ ಬಂತು.